ಐದು ವ್ಯಾಟಿನಲ್ಲಿ ಬೆಳಗಿದ ಮರಳುಗಾಡಿನ ನಗರ
ಆಟದ ಇಟ್ಟಿಗೆಗಳಲ್ಲಿ ದುಬಾಯಿ ಕಟ್ಟಿದ ಡೊಂಬಿವಲಿಯ ಅಜ್ಜ, ಮೊಮ್ಮಗ

ನವರಾತ್ರಿ ಬಂತೆಂದರೆ ಹಳೆ ಮೈಸೂರು ಕಡೆಯ ಮನೆಗಳಲ್ಲಿ ಗೊಂಬೆ ಕೂರಿಸುವ ಸಂಭ್ರಮ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ-ರಾಣಿ, ನಡುವಿನ ಮೆಟ್ಟಿಲುಗಳಲ್ಲಿ ದೇವರುಗಳು, ಸೆಟ್ಟಿ ದಂಪತಿ, ಕೆಳಗೆ ನೆಲದ ಮೇಲೆ ಮನೆಯ ಮಕ್ಕಳು ಮಾಡುವ ಪಾರ್ಕು. ರಾಗಿ ಮೊಳಕೆ ಬರಿಸಿದ ಹುಲ್ಲುಹಾಸು, ಕನ್ನಡಿ ಚೂರಿನ ಕೊಳ, ಪ್ಲಾಸ್ಟಿಕ್ ಹಸು, ಒಂದೆರಡು ಆಟದ ಕಾರು. ಮುಂಬಯಿಯ ಒಂದು ಕೋಣೆ, ಒಂದು ಅಡುಗೆಮನೆಯ ವಾಸದಲ್ಲಿ ಇಷ್ಟಕ್ಕೆಲ್ಲ ಜಾಗ ಎಲ್ಲಿಯದು? ಹಾಗಾಗಿ ಹಲವು ಮನೆಗಳ ಗೊಂಬೆಗಳು ಒಟ್ಟಾಗಿ ಸಂಘದ ಸಭಾಗೃಹದಲ್ಲೇ ಕೂರುವುದುಂಟು.

2024ರ ಅಕ್ಟೋಬರಿನಲ್ಲಿ ಡೊಂಬಿವಲಿಯ ಒಂದು ಕನ್ನಡ ಸಂಘದಲ್ಲಿ ಹೀಗೆ ಗೊಂಬೆ ನೋಡಲು ಬಂದವರಿಗೆ ಮೆಟ್ಟಿಲ ಕೆಳಗೆ ರಾಗಿ ಪೈರು ಕಾಣಲಿಲ್ಲ. ಅಲ್ಲೊಂದು ಮೇಜು, ಮೇಜಿನ ಮೇಲೆ ಮರಳಿನ ಬಣ್ಣದ ದಿಬ್ಬ, ಖರ್ಜೂರದ ಮರ, ನೀಲಿ ಕಾಲುವೆಯಲ್ಲಿ ಮರದ ದೋಣಿ, ಹಳೆಯ ಕೋಟೆ, ಹಿಂದೆ ಸಾಲುಸಾಲು ಗಗನಚುಂಬಿ ಕಟ್ಟಡ. ಎಲ್ಲವೂ ಮಕ್ಕಳು ಆಡುವ ಪ್ಲಾಸ್ಟಿಕ್ ಇಟ್ಟಿಗೆಯದೇ. ಆರತಿಯ ನಂತರ ಸಭಾಗೃಹದ ಟ್ಯೂಬ್‌ಲೈಟ್ ಆರಿಸಿದರು. ಹತ್ತು ವರ್ಷದ ಹುಡುಗನೊಬ್ಬ ನಾಲ್ಕು ಸ್ವಿಚ್‌ಗಳನ್ನು ಒಂದೊಂದಾಗಿ ಒತ್ತಿದ. ಮೊದಲು ಕಾಲುವೆಯ ದಡ, ಆಮೇಲೆ ಹಳೆಯ ಮನೆಗಳು, ನಂತರ ಎತ್ತರದ ಕಟ್ಟಡಗಳು ಬೆಳಗಿದವು. ಚಪ್ಪಾಳೆ ಬಿತ್ತು. ನಾಲ್ಕನೆಯ ಸ್ವಿಚ್‌ಗೆ ಹೊತ್ತಿಕೊಂಡದ್ದು ಮೂಲೆಯ ತಗ್ಗು ಕಟ್ಟಡದ ಒಂದು ಕಿಟಕಿ ಮಾತ್ರ. ಅದಕ್ಕೆ ಚಪ್ಪಾಳೆ ಬೀಳಲಿಲ್ಲ. ಆದರೆ ಆ ಸಂಜೆ ಜನ ಹೆಚ್ಚು ಹೊತ್ತು ನಿಂತದ್ದು ಆ ಕಿಟಕಿಯ ಎದುರಿಗೇ.

ವೈರ್‌ಮನ್ ಅಜ್ಜ

ಈ ನಗರ ಕಟ್ಟಿದವರು ಆ ಹುಡುಗ ಮತ್ತು ಅವನ ಅಜ್ಜ. ತಮ್ಮ ಹೆಸರು ಪತ್ರಿಕೆಯಲ್ಲಿ ಬೇಡ ಎಂಬುದು ಅಜ್ಜನ ಒಂದೇ ಷರತ್ತು. ಆದ್ದರಿಂದ ಇಲ್ಲಿ ಅವರು ಬರೀ ಅಜ್ಜ.

ಅಜ್ಜನ ಹುಟ್ಟೂರು ಉಡುಪಿ ಸಮೀಪದ ಒಂದು ಹಳ್ಳಿ. 1971ರಲ್ಲಿ ಹದಿನೈದನೆಯ ವಯಸ್ಸಿಗೆ ಮುಂಬಯಿಗೆ ಬಂದರು. ಹಗಲು ಹೊಟೇಲಿನಲ್ಲಿ ದುಡಿಮೆ, ರಾತ್ರಿ ಕೋಟೆ ಪರಿಸರದ ಕನ್ನಡ ರಾತ್ರಿ ಶಾಲೆಯಲ್ಲಿ ಓದು. ಈ ಮಹಾನಗರದ ಎಷ್ಟೋ ತುಳು-ಕನ್ನಡಿಗರ ಬದುಕನ್ನು ರೂಪಿಸಿದ ದಾರಿಯೇ ಇದು. ಎಸ್ಸೆಸ್ಸಿ ಮುಗಿಸಿ ವೈರ್‌ಮನ್ ಕೆಲಸ ಕಲಿತರು, ಪರವಾನಗಿ ಪಡೆದರು. 1984ರಲ್ಲಿ ದುಬಾಯಿಯ ವಿಮಾನ ಹತ್ತಿದರು. 2010ರಲ್ಲಿ ಮರಳಿದರು.

ಈ 26 ವರ್ಷಗಳಲ್ಲಿ ಊರಿಗೆ ಬಂದದ್ದು ಎರಡು ವರ್ಷಕ್ಕೊಮ್ಮೆ, ಪ್ರತಿ ಸಲ ಸುಮಾರು ಒಂದೂವರೆ ತಿಂಗಳು. ಲೆಕ್ಕ ಹಾಕಿದರೆ 13 ರಜೆ, 585 ದಿನ. ಎರಡು ವರ್ಷವೂ ತುಂಬಲಿಲ್ಲ. 1986ರಲ್ಲಿ ಹುಟ್ಟಿದ ಒಬ್ಬನೇ ಮಗ ಇಷ್ಟರೊಳಗೆ ಶಾಲೆ, ಕಾಲೇಜು ಎಲ್ಲ ಮುಗಿಸಿ ನೌಕರಿಗೂ ಸೇರಿದ್ದ. ಮನೆಗೆ ಹಣ ತಪ್ಪದೆ ಬರುತ್ತಿತ್ತು. ಪತ್ರ ಬರುತ್ತಿತ್ತು. ರಜೆಗೆ ಬರುವ ಊರಿನವರ ಕೈಯಲ್ಲಿ ಮಾತು ರೆಕಾರ್ಡು ಮಾಡಿದ ಕ್ಯಾಸೆಟ್ ಕೂಡ ಬರುತ್ತಿತ್ತು. ಬರುವುದು ಕಷ್ಟವಾಗಿದ್ದದ್ದು ಮನುಷ್ಯನೇ. ಗಲ್ಫಿಗೆ ಹೋದವರಿರುವ ಯಾವ ಮನೆಗೂ ಇದು ಹೊಸ ಕಥೆಯಲ್ಲ.

ಪ್ರತಿ ರಜೆಯಲ್ಲೂ ಅಜ್ಜ ಮಗನಿಗೊಂದು ಲೆಗೊ ಇಟ್ಟಿಗೆಯ ಡಬ್ಬಿ ತರುತ್ತಿದ್ದರು. ಡಬ್ಬಿ ಬಿಚ್ಚುವುದಕ್ಕೂ ನೆಂಟರ ಮನೆ, ಊರಿನ ಭೂತಕೋಲ, ಮದುವೆ ಎಂದು ಓಡಾಟ ಶುರುವಾಗುವುದಕ್ಕೂ ಸರಿಹೋಗುತ್ತಿತ್ತು. ತಂದೆ ಮಗ ಕೂತು ಒಂದು ಗೋಡೆಯನ್ನಾದರೂ ಒಟ್ಟಿಗೆ ಕಟ್ಟಿದ ನೆನಪು ಇಬ್ಬರಿಗೂ ಇಲ್ಲ. ಅಜ್ಜ ಹೊರಟ ಮೇಲೆ ಹುಡುಗ ಒಬ್ಬನೇ ಕಟ್ಟುತ್ತಿದ್ದ. ಹತ್ತನೆಯ ಕ್ಲಾಸಿಗೆ ಬಂದಾಗ ಎಲ್ಲವನ್ನೂ ಒಂದು ಅಕ್ಕಿ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದ.

ಅಟ್ಟದಿಂದ ಇಳಿದ ಚೀಲ

2024ರ ಬೇಸಿಗೆ ರಜೆಯಲ್ಲಿ ಮೊಮ್ಮಗ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ದುಬಾಯಿಯಲ್ಲಿ 2016ರಲ್ಲಿ ಆರಂಭವಾದ ಲೆಗೊಲ್ಯಾಂಡ್ ಉದ್ಯಾನದ 'ಮಿನಿಲ್ಯಾಂಡ್' ವಿಭಾಗದ್ದು. ಲಕ್ಷಗಟ್ಟಲೆ ಇಟ್ಟಿಗೆ ಜೋಡಿಸಿ ಮಾಡಿದ ಪುಟ್ಟ ದುಬಾಯಿ ಅಲ್ಲಿದೆ. ಬುರ್ಜ್ ಖಲೀಫಾದ ಮಾದರಿಯೊಂದೇ ಸುಮಾರು 17 ಮೀಟರ್ ಎತ್ತರ, ಅಂದರೆ ಐದಾರು ಮಹಡಿಯಷ್ಟು. ಇಂಥ ಉದ್ಯಾನಗಳಲ್ಲಿ ಮೊದಲನೆಯದಾದ ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿ (1968) ಪುಟ್ಟ ನಗರ ಬಯಲಿನಲ್ಲೇ ಇದೆ. ದುಬಾಯಿಯಲ್ಲಿ ಸೆಕೆಯ ಕಾರಣ ಅದನ್ನು ಮಾಡಿನ ಕೆಳಗೆ, ಎಸಿಯೊಳಗೆ ಇಟ್ಟಿದ್ದಾರೆ. ಅಲ್ಲಿ ಬೆಳಕನ್ನು ಮಂದಗೊಳಿಸಿ ಹಗಲನ್ನು ರಾತ್ರಿ ಮಾಡುತ್ತಾರೆ. ಆಗ ಪುಟ್ಟ ನಗರದ ದೀಪಗಳು ಹೊತ್ತುತ್ತವೆ.

ಹುಡುಗ ಅಜ್ಜನ ಹತ್ತಿರ ಓಡಿದ.

"ಅಜ್ಜ, ನೀವು ದುಬಾಯಿಯಲ್ಲಿ ಲೈಟ್ ಹಾಕುವ ಕೆಲಸವೇ ಮಾಡಿದ್ದಲ್ವಾ? ನಾವೂ ಒಂದು ಮಾಡುವನಾ?"

"ಮಾಡುವ ಮಗಾ. ಇಟ್ಟಿಗೆ ಎಲ್ಲಿಂದ ತರುವುದು?"

ಅಜ್ಜಿಗೆ ಅಟ್ಟದ ಚೀಲ ನೆನಪಾಯಿತು. ಇಳಿಸಿ, ಸೋಪಿನ ನೀರಿನಲ್ಲಿ ತೊಳೆದು, ಗ್ಯಾಲರಿಯಲ್ಲಿ ಹಳೆಯ ಸೀರೆ ಹಾಸಿ ಒಣಗಿಸಿದರು. ಮೂವತ್ತು ವರ್ಷ ಹಳೆಯ ಇಟ್ಟಿಗೆ ಮೊಮ್ಮಗನ ಹೊಸ ಇಟ್ಟಿಗೆಗೆ ಕೂತೀತೇ ಎಂಬುದು ಎಲ್ಲರ ಅನುಮಾನ. ಹುಡುಗ ಒಂದು ಹಳೆಯದರ ಮೇಲೆ ಒಂದು ಹೊಸದನ್ನು ಒತ್ತಿದ. 'ಟಕ್' ಎಂದು ಕೂತಿತು.

ಅದಕ್ಕೆ ಕಾರಣವಿದೆ. ಬಿಲ್ಲುಂಡ್‌ನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್‌ಸೆನ್ 1932ರಲ್ಲಿ ಮರದ ಸಾಮಾನು ಮಾಡುತ್ತ ಆರಂಭಿಸಿದ ಸಂಸ್ಥೆಯಿದು. 'ಚೆನ್ನಾಗಿ ಆಡು' ಎಂಬ ಅರ್ಥದ ಎರಡು ಡ್ಯಾನಿಶ್ ಪದಗಳಿಂದ 1934ರಲ್ಲಿ 'ಲೆಗೊ' ಹೆಸರು ಬಂತು. ಪ್ಲಾಸ್ಟಿಕ್ ಇಟ್ಟಿಗೆ ಬಂದದ್ದು 1949ರಲ್ಲಿ. ಮೇಲೆ ಗುಬುಟು, ಒಳಗೆ ಕೊಳವೆ ಇರುವ ಈಗಿನ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಅಂದಿನಿಂದ ಅಳತೆ ಬದಲಾಗಿಲ್ಲ. ಗುಬುಟಿನಿಂದ ಗುಬುಟಿಗೆ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್. ಅಚ್ಚಿನಲ್ಲಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಹೆಚ್ಚುಕಡಿಮೆಯನ್ನೂ ಬಿಡುವುದಿಲ್ಲ. ಹೀಗಾಗಿ ತಂದೆಯ ಇಟ್ಟಿಗೆಗೆ ಮಗನ ಇಟ್ಟಿಗೆ ಕೂರುತ್ತದೆ.

ನೋಟೇ ನಕ್ಷೆ

ಅಜ್ಜನ ಬಳಿ ನಕ್ಷೆ ಇರಲಿಲ್ಲ. ನೆನಪಿಗೆಂದು ಖರ್ಚು ಮಾಡದೆ ಉಳಿಸಿಕೊಂಡಿದ್ದ 100 ದಿರ್ಹಾಮಿನ ಒಂದು ನೋಟಿತ್ತು. ಆ ಕಾಲದ ಆ ನೋಟಿನ ಒಂದು ಬದಿಗೆ ಅಲ್ ಫಹೀದಿ ಕೋಟೆ, ಇನ್ನೊಂದು ಬದಿಗೆ ದುಬಾಯಿ ವರ್ಲ್ಡ್ ಟ್ರೇಡ್ ಸೆಂಟರ್. ಕೋಟೆ 18ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು. 39 ಮಹಡಿಯ ಟ್ರೇಡ್ ಸೆಂಟರ್ 1979ರದು. ಅಜ್ಜ ಹೋಗಿ ಇಳಿದಾಗ ಊರಿಗೆಲ್ಲ ಎತ್ತರದ ಕಟ್ಟಡವೆಂದರೆ ಅದೇ. ಹಳೆಯ ದುಬಾಯಿ ಮುಂದೆ, ಹೊಸದು ಹಿಂದೆ ಎಂದು ನೋಟು ನೋಡಿಯೇ ತೀರ್ಮಾನಿಸಿದರು.

ನೋಟಿನ ಮಾತು ಬಂದಾಗ ಒಂದು ಸಂಗತಿ. ದುಬಾಯಿಯಲ್ಲಿ 1966ರವರೆಗೂ ನಡೆಯುತ್ತಿದ್ದದ್ದು ರೂಪಾಯಿಯೇ. 1959ರಿಂದ ನಮ್ಮ ರಿಸರ್ವ್ ಬ್ಯಾಂಕೇ ಗಲ್ಫಿಗೆಂದು ಪ್ರತ್ಯೇಕ ರೂಪಾಯಿ ನೋಟು ಹೊರಡಿಸುತ್ತಿತ್ತು. 1966ರ ಜೂನಿನಲ್ಲಿ ರೂಪಾಯಿ ಅಪಮೌಲ್ಯವಾದ ಮೇಲೆ ಅವರು ಅದನ್ನು ಕೈಬಿಟ್ಟರು. ದಿರ್ಹಾಮ್ ಬಂದದ್ದು 1973ರಲ್ಲಿ. ಮುಂಬಯಿಯಿಂದ ದುಬಾಯಿಗೆ ಹೋದವರು ಪೂರ್ತಿ ಪರಕೀಯ ನೆಲಕ್ಕೇನೂ ಹೋಗಲಿಲ್ಲ ಎಂದು ಇದರಿಂದ ತಿಳಿಯಬಹುದು.

ಮುಂದಿನ ಪ್ರಶ್ನೆ ಅಳತೆಯದು. ಬುರ್ಜ್ ಖಲೀಫಾ 828 ಮೀಟರ್. ಸಾವಿರಕ್ಕೆ ಒಂದರಂತೆ ಇಳಿಸಿದರೆ 82.8 ಸೆಂಟಿಮೀಟರ್, ಅಂದರೆ 86 ಇಟ್ಟಿಗೆಯ ಎತ್ತರ. 321 ಮೀಟರಿನ ಬುರ್ಜ್ ಅಲ್ ಅರಬ್ ಹೊಟೇಲಿಗೆ 33 ಇಟ್ಟಿಗೆ. ಟ್ರೇಡ್ ಸೆಂಟರಿಗೆ ಹದಿನಾರಕ್ಕಿಂತ ಹೆಚ್ಚು ಬೇಡ. ಆದರೆ ಇದೇ ಲೆಕ್ಕದಲ್ಲಿ ಹಳೆಯ ಪೇಟೆಯ ಮನೆ ಒಂದು ಇಟ್ಟಿಗೆಯಷ್ಟೇ ಆಗುತ್ತದೆ, ಮನುಷ್ಯ ಎರಡು ಮಿಲಿಮೀಟರೂ ಇರುವುದಿಲ್ಲ. ಅಜ್ಜನಿಗೆ ನಾಟಕದ ಪರದೆ ನೆನಪಾಯಿತು. ಪರದೆಯ ಮೇಲೆ ಅರಮನೆ ಚಿಕ್ಕದು, ಎದುರು ನಿಂತ ಪಾತ್ರಧಾರಿ ದೊಡ್ಡವನು. ಆದರೂ ಅರಮನೆ ದೂರದಲ್ಲಿದೆ ಎಂದು ನೋಡುವವರು ಒಪ್ಪುತ್ತಾರೆ. ಅದೇ ಉಪಾಯ ಇಲ್ಲಿಯೂ. ಹಿಂದಿನ ಸಾಲು ಸಾವಿರಕ್ಕೆ ಒಂದು, ಮುಂದಿನ ಸಾಲು ನಾಲ್ಕು ಸೆಂಟಿಮೀಟರ್ ಎತ್ತರದ ಆಟದ ಮನುಷ್ಯರಿಗೆ ಒಗ್ಗುವಷ್ಟು. ನೆಲಕ್ಕೆ 25.6 ಸೆಂಟಿಮೀಟರ್ ಚೌಕದ ಆರು ಹಲಗೆ ಹಾಸಿದರು. ಸಾಗಿಸುವಾಗ ಆರು ತುಂಡಾಗಿ ಬಿಡಿಸಿ ಲಿಫ್ಟಿನಲ್ಲಿ ಇಳಿಸಬಹುದು ಎಂಬ ಲೆಕ್ಕವೂ ಅದರಲ್ಲಿತ್ತು.

ಮರಳಿಗೆ ನಿಜವಾದ ಮರಳು ತರೋಣ ಎಂದ ಮೊಮ್ಮಗ. ಅದು ಇಟ್ಟಿಗೆಯ ಸಂದಿಗೆ ಹೊಕ್ಕರೆ ಹಿಡಿತ ಹೋಗುತ್ತದೆ ಎಂದು ಅಜ್ಜ ಬೇಡವೆಂದರು. ಮರಳಿನ ಬಣ್ಣದ ಇಟ್ಟಿಗೆ ಸಾಕಷ್ಟಿರಲಿಲ್ಲ. ಹುಡುಗ ಹಳದಿ, ಬಿಳಿ, ಕಂದುಗಳನ್ನು ಬೆರೆಸಿ ಜೋಡಿಸಿದ. ದೂರದಿಂದ ನೋಡಿದರೆ ಬೈಗಿನ ಬಿಸಿಲು ಬಿದ್ದ ದಿಬ್ಬದಂತೆಯೇ ಇತ್ತು. ಮರುಭೂಮಿಯ ಮರಳು ಕಾಂಕ್ರೀಟಿಗೆ ಬಾರದು, ಗಾಳಿಗೆ ಉರುಳಿ ಉರುಳಿ ಕಣ ದುಂಡಗಾಗಿ ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ ಎಂದು ಅಜ್ಜ ಹೇಳಿದಾಗ, ಸುತ್ತ ಅಷ್ಟೊಂದು ಮರಳಿದ್ದೂ ಮನೆ ಕಟ್ಟಲು ಹೊರಗಿನಿಂದ ತರಬೇಕಾ ಎಂದು ಹುಡುಗ ಬಾಯಿ ಬಿಟ್ಟ.

ಹಳೆಯ ಪೇಟೆಯ ಮನೆಗಳಿಗೆ ಗಾಳಿಗೋಪುರ ಬೇಕಿತ್ತು. ಕರೆಂಟಿಲ್ಲದ ಕಾಲದಲ್ಲಿ ದುಬಾಯಿಯ ವರ್ತಕರ ಮನೆಗಳ ಮೇಲೆ ನಾಲ್ಕೂ ಕಡೆ ತೆರೆದ ಚೌಕ ಗೋಪುರ ಇರುತ್ತಿತ್ತು, ಬರ್ಜೀಲ್ ಎನ್ನುತ್ತಾರೆ. ಯಾವ ದಿಕ್ಕಿನಿಂದ ಗಾಳಿ ಬಂದರೂ ಹಿಡಿದು ಕೆಳಗಿನ ಕೋಣೆಗೆ ಇಳಿಸುವ ವ್ಯವಸ್ಥೆ. ಗೋಡೆ ಹವಳದ ಕಲ್ಲಿನದು, ಗಾರೆ ಜಿಪ್ಸಂನದು. ಇಂಥ ಮೂರು ಮನೆಗಳನ್ನು ಕಾಲುವೆಯ ದಡದಲ್ಲಿ ಕಟ್ಟಿದರು. ಕಾಲುವೆ ದಾಟಿಸುವ ಅಬ್ರಾ ದೋಣಿ ಹುಡುಗನ ಪಾಲಿಗೆ ಬಂತು.

ಗೋಪುರ ವಾಲಿತು, ಊರು ಕತ್ತಲಾಯಿತು

ಕೆಲಸ ಸಲೀಸಾಗಿ ಸಾಗಿತೆಂದು ತಿಳಿಯಬೇಕಿಲ್ಲ. ಮೊದಲ ಬುರ್ಜ್ ಖಲೀಫಾವನ್ನು ನೆಟ್ಟಗೆ ನಾಲ್ಕು ಗೋಡೆಯ ಡಬ್ಬಿಯಂತೆ ಕಟ್ಟಿದ್ದರು. ಐವತ್ತನೆಯ ಸಾಲಿಗೆ ಅದು ವಾಲಿತು, ಫ್ಯಾನ್ ಹಾಕಿದ ಕೂಡಲೇ ಬಿತ್ತು. ನಿಜವಾದ ಕಟ್ಟಡ ಮೂರು ರೆಕ್ಕೆಗಳ ಆಕಾರದ್ದು; ನಡುವೆ ಗಟ್ಟಿ ಕಂಬದಂಥ ಭಾಗ, ಅದಕ್ಕೆ ಒಂದಕ್ಕೊಂದು ಆಸರೆಯಾಗಿ ಮೂರು ರೆಕ್ಕೆ, ಮೇಲೆ ಹೋದಂತೆ ಒಂದೊಂದೇ ರೆಕ್ಕೆ ಹಿಂದೆ ಸರಿಯುತ್ತದೆ. ಚೌಕದ ಇಟ್ಟಿಗೆಯಲ್ಲಿ ಮೂರು ರೆಕ್ಕೆ ಸರಿಯಾಗಿ ಕೂರಲಿಲ್ಲ. ನಾಲ್ಕು ಮಾಡಿದರು. ನೋಡಿದವರು ಯಾರೂ ಎಣಿಸಲಿಲ್ಲ, ಗೋಪುರ ಮಾತ್ರ ನಿಂತಿತು.

ಎರಡನೆಯ ತಪ್ಪು ಹುಡುಗನದು. ಟ್ರೇಡ್ ಸೆಂಟರನ್ನು ಪೂರ್ತಿ ಕಟ್ಟಿ ತಂದು, ಅಜ್ಜ ಈಗ ಲೈಟ್ ಹಾಕಿ ಎಂದ. ಅಜ್ಜ ಅದನ್ನು ಅರ್ಧಕ್ಕೆ ಬಿಚ್ಚಿದರು. ಕಟ್ಟಡದಲ್ಲಿ ವೈರ್‌ಮನ್ ಕೊನೆಗೆ ಬರುವವನಲ್ಲ. ಸ್ಲಾಬಿಗೆ ಕಬ್ಬಿಣ ಕಟ್ಟಿ ಮುಗಿದ ಕೂಡಲೇ, ಕಾಂಕ್ರೀಟ್ ಬೀಳುವ ಮೊದಲೇ ಪೈಪು ಮಲಗಿಸಬೇಕು. ಆ ಹೊತ್ತು ತಪ್ಪಿದರೆ ಆಮೇಲೆ ಗೋಡೆ ಒಡೆಯುವುದೇ. ಹಾಗಾಗಿ ಇಲ್ಲಿಯೂ ಮೊದಲು ವೈರು, ಮೇಲೆ ಇಟ್ಟಿಗೆ. ಕೂದಲೆಳೆಯಂಥ ತಾಮ್ರದ ತಂತಿ ಎರಡು ಗುಬುಟುಗಳ ನಡುವೆ ಸಲೀಸಾಗಿ ಹೋಗುತ್ತದೆ. ಎತ್ತರದ ಕಟ್ಟಡಗಳ ನಡುವೆ ಟೊಳ್ಳು ಬಿಟ್ಟು ಎಲ್ಲ ತಂತಿಯನ್ನೂ ಅದರೊಳಗೆ ಇಳಿಸಿದರು.

ಮೂರನೆಯ ತಪ್ಪು ಅಜ್ಜನದೇ. ತಿಳಿ ಬಣ್ಣದ ಪ್ಲಾಸ್ಟಿಕ್ಕಿನ ಮೂಲಕ ಬೆಳಕು ಸೋರುತ್ತದೆ. ಕಿಟಕಿ ಮಾತ್ರ ಹೊಳೆಯಬೇಕಾದಲ್ಲಿ ಇಡೀ ಗೋಡೆಯೇ ಬಲ್ಬಿನಂತೆ ಕಾಣುತ್ತಿತ್ತು. ಅಜ್ಜ ಅಡುಗೆಮನೆಯಿಂದ ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆ ತಂದು ಒಳಗೋಡೆಗೆ ಅಂಟಿಸಿದರು. ಸ್ವಿಚ್ ಒತ್ತಿದರೆ ಅರ್ಧ ದುಬಾಯಿ ಕತ್ತಲು. ಹಾಳೆ ಬೆಸುಗೆಯ ತುದಿಗೆ ತಾಗಿ ಶಾರ್ಟ್ ಆಗಿತ್ತು.

"ನಲವತ್ತು ವರ್ಷ ವೈರಿಂಗ್ ಮಾಡಿದವರು ನೀವೇ ಅಲ್ವಾ ಮಾರಾಯ್ರೆ?" ಎಂದು ಅಜ್ಜಿ ಅಡುಗೆಮನೆಯಿಂದಲೇ ಕೇಳಿದರು.

ಹಾಳೆ ಕಿತ್ತು ಕಪ್ಪು ಕಾಗದ ಹಾಕಿ, ಬೆಸುಗೆಗೆಲ್ಲ ಟೇಪು ಸುತ್ತಿದ ಮೇಲೆ ಸರಿಯಾಯಿತು.

ಐದು ವ್ಯಾಟಿನ ಲೆಕ್ಕ

ಮನೆಯಲ್ಲಿ ಇಂಥದನ್ನು ಮಾಡಬಯಸುವ ಪಾಲಕರಿಗೆ ಉಪಯೋಗವಾಗಲೆಂದು ಅಜ್ಜನ ವಿದ್ಯುತ್ ಲೆಕ್ಕವನ್ನು ಇಲ್ಲಿ ಕೊಡಲಾಗಿದೆ. ನಗರದಲ್ಲಿರುವುದು 110 ಪುಟ್ಟ ಎಲ್‌ಇಡಿ ದೀಪ. ಎಲ್ಲವೂ ಸಮಾನಾಂತರ ಜೋಡಣೆ. ಒಂದು ಹೋದರೆ ಉಳಿದವು ಆರುವುದಿಲ್ಲ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಮೊಬೈಲ್ ಚಾರ್ಜರ್ ಕೊಡುವುದು 5 ವೋಲ್ಟ್. ಉಳಿದ 2 ವೋಲ್ಟನ್ನು ತಡೆಯಲು ಪ್ರತಿ ದೀಪಕ್ಕೆ 220 ಓಮಿನ ಒಂದು ರೆಸಿಸ್ಟರ್. ಆಗ ಒಂದು ದೀಪಕ್ಕೆ ಹರಿಯುವುದು ಸುಮಾರು 9 ಮಿಲಿಆಂಪಿಯರ್. 110 ದೀಪಕ್ಕೆ ಒಂದು ಆಂಪಿಯರ್, ಅಂದರೆ ಇಡೀ ನಗರಕ್ಕೆ 5 ವ್ಯಾಟ್. ಎರಡು ಆಂಪಿಯರಿನ ಸಾಮಾನ್ಯ ಚಾರ್ಜರ್ ಧಾರಾಳ ಸಾಕು. ಹಿಂದೆ ದೇವರ ಕೋಣೆಯಲ್ಲಿ ರಾತ್ರಿಯಿಡೀ ಉರಿಯುತ್ತಿದ್ದ ಝೀರೋ ಬಲ್ಬು ಹೆಸರಿಗೆ ಸೊನ್ನೆ, ತಿನ್ನುತ್ತಿದ್ದದ್ದು ಹದಿನೈದರ ಹತ್ತಿರ. ಆ ಒಂದು ಬಲ್ಬಿನ ಕರೆಂಟಿನಲ್ಲಿ ಇಂಥ ಮೂರು ದುಬಾಯಿ ಬೆಳಗಬಹುದು.

ಮನೆಯ 230 ವೋಲ್ಟಿನ ಸೀರಿಯಲ್ ಸೆಟ್ಟನ್ನು ಆಟಿಕೆಯ ಒಳಗೆ ತೂರಿಸಬಾರದು, ಬೆಸುಗೆಯ ಕೆಲಸವನ್ನು ದೊಡ್ಡವರೇ ಮಾಡಬೇಕು ಎಂದು ಅಜ್ಜ ಒತ್ತಿ ಹೇಳುತ್ತಾರೆ. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸಣ್ಣ ಇಟ್ಟಿಗೆಗಳನ್ನು ಎತ್ತರದಲ್ಲಿಡಬೇಕು. ಹೊಸ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ ಕೊಳ್ಳುವುದು ಒಳ್ಳೆಯದು. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಅದು ಕಡ್ಡಾಯವಾಗಿದೆ.

"ಇದರಲ್ಲಿ ನಿಮ್ಮ ಮನೆ ಯಾವುದು?"

ಆಗಸ್ಟ್ ಕೊನೆಗೆ ನಗರ ಬಹುತೇಕ ಮುಗಿದಿತ್ತು. ಒಂದು ಸಂಜೆ ಎಲ್ಲ ದೀಪ ಹಾಕಿ ನೋಡುತ್ತಿದ್ದಾಗ ಮೊಮ್ಮಗ ಕೇಳಿದ.

"ಅಜ್ಜ, ಇದರಲ್ಲಿ ನಿಮ್ಮ ಮನೆ ಯಾವುದು?"

ಅಜ್ಜ ಸ್ವಲ್ಪ ಹೊತ್ತು ಮೇಜು ನೋಡಿದರು. ಅವರು ತಂತಿ ಎಳೆದ ಕಟ್ಟಡಗಳು ದೇರಾದಲ್ಲಿ, ಶಾರ್ಜಾದಲ್ಲಿ ಈಗಲೂ ಇವೆ. ಅಂಗಡಿ, ಆರೇಳು ಮಹಡಿಯ ಮನೆ, ಒಂದು ಶಾಲೆ. ಯಾವುದೂ ನೋಟಿನ ಮೇಲೆ ಬರುವಂಥದ್ದಲ್ಲ. ಅವರಿದ್ದದ್ದು ಅಲ್ ಕೂಜ್ ಎಂಬ ಕೈಗಾರಿಕಾ ವಲಯದ ಕ್ಯಾಂಪಿನಲ್ಲಿ. ಒಂದು ಕೋಣೆಗೆ ಎಂಟು ಜನ, ಒಂದರ ಮೇಲೊಂದರಂತೆ ನಾಲ್ಕು ಜೋಡಿ ಮಂಚ. ಇದರಲ್ಲಿ ನನ್ನ ಮನೆ ಇಲ್ಲ ಮಗಾ ಎಂದರು. ಹಾಗಾದರೆ ಅದನ್ನೂ ಮಾಡಬೇಕು ಎಂದ ಹುಡುಗ.

ಮುಂದಿನ ಮೂಲೆಯ ಹಲಗೆಯಿಂದ ಎರಡು ಖರ್ಜೂರದ ಮರ ತೆಗೆದು ಜಾಗ ಮಾಡಿದರು. ತಗಡಿನ ಮಾಡಿನ ಉದ್ದನೆಯ ಕಟ್ಟಡ, ಎಂಟು ಬಾಗಿಲು. ಒಂದು ಕೋಣೆಯ ಮಾಡು ಮಾತ್ರ ತೆಗೆಯಲು ಬರುವಂತೆ ಮಾಡಿ ಒಳಗೆ ನಾಲ್ಕು ಜೋಡಿ ಮಂಚ ಇಟ್ಟರು. ಹೊರಗೆ ತಂತಿಯ ಮೇಲೆ ಒಣಗಲು ಹಾಕಿದ ಬಟ್ಟೆ, ಮೂಲೆಯಲ್ಲಿ ಫೋನ್ ಬೂತು, ಅದರ ಮುಂದೆ ಸಾಲು. ಆಗೆಲ್ಲ ಅಲ್ಲಿ ವಾರದ ರಜೆ ಶುಕ್ರವಾರ. 2022ರಿಂದ ಅದು ಶನಿವಾರ, ಭಾನುವಾರಕ್ಕೆ ಹೋಗಿದೆ. ಅಂದಿನ ಶುಕ್ರವಾರಗಳಲ್ಲಿ ಬೂತಿನ ಮುಂದೆ ಎಷ್ಟು ಹೊತ್ತು ನಿಲ್ಲಬೇಕಿತ್ತು ಎಂದು ಹೇಳುತ್ತ ಅಜ್ಜ ಆಟದ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಸಾಲಿನಲ್ಲಿ ನಿಲ್ಲಿಸಿದರು. ಬೇಸಿಗೆಯ ಮಧ್ಯಾಹ್ನ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಎಂಬ ನಿಯಮ ಈಗ ಅಲ್ಲಿದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಹನ್ನೆರಡೂವರೆಯಿಂದ ಮೂರು ಗಂಟೆಯ ತನಕ ವಿರಾಮ. ಅಜ್ಜ ಹೋದ ಹೊಸದರಲ್ಲಿ ಅದು ಇರಲಿಲ್ಲ.

ಮಗ, ಅಂದರೆ ಹುಡುಗನ ತಂದೆ, ಅಲ್ಲಿಯವರೆಗೆ ಈ ಕೆಲಸಕ್ಕೆ ಕೈ ಹಾಕಿರಲಿಲ್ಲ. ಖಾಸಗಿ ಕಂಪೆನಿಯ ನೌಕರಿ, ಎರಡು ಲೋಕಲ್ ಬದಲಿಸಿ ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಮೇಜಿನ ಬದಿಗೆ ಬಂದು ನೋಡಿ ಊಟಕ್ಕೆ ಹೋಗುತ್ತಿದ್ದರು, ಅಷ್ಟೆ. ಸೆಪ್ಟೆಂಬರಿನ ಒಂದು ರಾತ್ರಿ ಅವರು ಮಾಡು ತೆಗೆದ ಆ ಕೋಣೆಯನ್ನು ನೋಡಿ ನಿಂತರು.

"ಅಪ್ಪಾ, ಇದರಲ್ಲಿ ನಿಮ್ಮ ಮಂಚ ಯಾವುದು?"

"ಕಿಟಕಿ ಹತ್ತಿರದ್ದು. ಮೇಲಿನದು."

ಅದಕ್ಕೆ ಲೈಟು ಬೇಡವಾ ಎಂದು ಮಗ ಕೇಳಿದರು. ಎಲ್ಲ ದೀಪವೂ ಮುಗಿದಿದೆ ಎಂದರು ಅಜ್ಜ. ಮಗ ಬುರ್ಜ್ ಖಲೀಫಾದ ಬುಡದಿಂದ ಒಂದು ದೀಪ ಬಿಚ್ಚಿ ತಂದರು. ಆ ರಾತ್ರಿ ತಂದೆ ಬೆಸುಗೆ ಹಾಕಿದರು, ಮಗ ಟಾರ್ಚ್ ಹಿಡಿದರು. ಕಿಟಕಿಯ ಗೋಡೆ ಬಿಚ್ಚಿ ಮತ್ತೆ ಕಟ್ಟುವಾಗ ಹನ್ನೊಂದೂವರೆ. ಊಟ ತಣ್ಣಗಾಯಿತೆಂದು ಅಜ್ಜಿ ಎರಡು ಸಲ ಕರೆದರು. ಮೂರನೆಯ ಸಲ ಕರೆಯಲಿಲ್ಲ. ಮರುದಿನ ಆ ಒಂದು ದೀಪಕ್ಕೆ ಬೇರೆಯೇ ಸ್ವಿಚ್ ಬಂತು.

ಸಂಘದ ಸಭಾಗೃಹದಲ್ಲಿ

ಪ್ರದರ್ಶನದ ದಿನಗಳಲ್ಲಿ ಮಕ್ಕಳೆಲ್ಲ ಬುರ್ಜ್ ಖಲೀಫಾದ ಎದುರು ನಿಂತು ಫೋಟೋ ತೆಗೆಸಿಕೊಂಡರು. ಪಾರ್ಕಿಗೆ ಹಸಿರಿಲ್ಲದಿದ್ದರೆ ಗೊಂಬೆ ಹಬ್ಬಕ್ಕೆ ಲಕ್ಷಣವೇ ಎಂದು ಮೈಸೂರು ಕಡೆಯ ಹಿರಿಯ ಮಹಿಳೆಯೊಬ್ಬರು ಮೊದಲು ಆಕ್ಷೇಪಿಸಿದರು. ಮರುದಿನ ಅವರೇ ಒಂದು ಬಟ್ಟಲಲ್ಲಿ ರಾಗಿ ಮೊಳಕೆ ತಂದು ಕಾಲುವೆಯ ಬದಿಗಿಟ್ಟರು. ಯಾರೂ ಬೇಡವೆನ್ನಲಿಲ್ಲ.

ಮೂಲೆಯ ಕ್ಯಾಂಪಿನ ಎದುರು ನಿಂತವರು ಬೇರೆಯೇ ಜನ. ಮಸ್ಕತಿನಲ್ಲಿ ಹತ್ತು ವರ್ಷ ದುಡಿದವರೊಬ್ಬರು ಬಗ್ಗಿ ಮಂಚ ಎಣಿಸಿ, ನಮ್ಮ ಕೋಣೆಯಲ್ಲಿ ಹತ್ತು ಜನ ಇದ್ದೆವು ಎಂದರು. ಇನ್ನೊಬ್ಬರು ಬಟ್ಟೆ ಒಣಹಾಕಿದ ತಂತಿಯನ್ನು ಹೆಂಡತಿಗೆ ತೋರಿಸಿದರು. ಗಂಡ ಕುವೈತಿನಲ್ಲಿದ್ದ ವರ್ಷಗಳಲ್ಲಿ ಒಬ್ಬರೇ ಮಕ್ಕಳನ್ನು ಬೆಳೆಸಿದ ತಾಯಿಯೊಬ್ಬರು ಫೋನ್ ಬೂತನ್ನು ನೋಡಿ, ಇಲ್ಲಿ ನಾವೂ ಹೀಗೆಯೇ ಪಕ್ಕದ ಮನೆಯ ಫೋನಿನ ಎದುರು ಕಾಯುತ್ತಿದ್ದೆವು, ಆ ಸಾಲನ್ನೂ ಮಾಡಬೇಕಿತ್ತು ಎಂದು ಅಜ್ಜಿಯ ಕೈ ಹಿಡಿದು ಹೇಳಿದರು.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದ ಮೇಲೆ ನಗರವನ್ನೂ ಬಿಚ್ಚಿದರು. ಕಟ್ಟಲು ಆರು ತಿಂಗಳು ಹಿಡಿದದ್ದು ಎರಡು ಗಂಟೆಯಲ್ಲಿ ಬಣ್ಣಬಣ್ಣದ ರಾಶಿಯಾಯಿತು. ಎಣಿಕೆ ಸುಮಾರು ನಾಲ್ಕು ಸಾವಿರಕ್ಕೆ ಬಂತು. ಯಾವುದು ತಂದೆಯ ಚೀಲದ್ದು, ಯಾವುದು ಮಗನ ಡಬ್ಬಿಯದು ಎಂದು ಬೇರ್ಪಡಿಸಲು ಯಾರೂ ಹೋಗಲಿಲ್ಲ. ಎಲ್ಲವೂ ಒಂದೇ ಚೀಲಕ್ಕೆ ಬಿದ್ದವು. ಆ ಚೀಲ ಅಟ್ಟ ಹತ್ತಲಿಲ್ಲ, ಮಂಚದ ಕೆಳಗೇ ಉಳಿಯಿತು.

ಬಿಚ್ಚದೆ ಉಳಿದದ್ದು ಕ್ಯಾಂಪಿನ ಒಂದು ಹಲಗೆ. ಅದು ಮನೆಯ ಟಿವಿಯ ಪಕ್ಕದಲ್ಲಿದೆ. ಮುಂದಿನ ಕೆಲಸ ಉಡುಪಿಯ ರಥಬೀದಿ ಎಂದು ಮೂವರೂ ಒಪ್ಪಿದ್ದಾರೆ. ತೇರಿನ ಚಕ್ರ ಹೇಗೆ ದುಂಡಗೆ ಮಾಡುವುದೆಂಬ ಬಗ್ಗೆ ಭಾನುವಾರಗಳಲ್ಲಿ ಅಪ್ಪ ಮಗನ ನಡುವೆ ಚರ್ಚೆ ನಡೆಯುತ್ತಿದೆ. ಅಜ್ಜ ಅದರಲ್ಲಿ ಬಾಯಿ ಹಾಕುವುದಿಲ್ಲ. ತಂತಿ ಎಲ್ಲಿಂದ ಬರಬೇಕೆಂದು ಕೇಳಿದಾಗ ಮಾತ್ರ ಹೇಳುತ್ತಾರೆ.